ಲೀಟರ್ ನೀರಿಗೆ 105 ಎಂಎಲ್ ಬೇವಿನೆಣ್ಣೆ

"ಸರ್, ಲೀಟರ್ ನೀರಿಗೆ 105 ಎಂಎಲ್ ಬೇವಿನೆಣ್ಣೆ ಅಂತಿದೆ. ಗಿಡಕ್ಕೆ ಹೊಡೆಯೋಕಾ, ಬೋಂಡ ಕರಿಯೋಕಾ?"

ಪುಟ ಜೋಡಿಸುವ ಡಿಟಿಪಿ ಟೇಬಲ್‌ನಿಂದ ಈ ಪ್ರಶ್ನೆ ಬಂದಾಗ ಸಂಜೆ ಐದು ದಾಟಿತ್ತು. ನಾವು ತಿದ್ದುತ್ತಿದ್ದ ಪುಸ್ತಕ ಕೈತೋಟದ ಕೈಪಿಡಿ, ಎರಡನೇ ಮುದ್ರಣ. ಅಂದು ರಾತ್ರಿಯೇ ಫೈಲ್ ಪ್ರೆಸ್‌ಗೆ ಹೋಗಬೇಕಿತ್ತು.

ವರ್ಡ್ ಫೈಲ್ ತೆಗೆದು ನೋಡಿದರೆ ಅಲ್ಲಿ ಎಲ್ಲ ಸರಿಯಾಗೇ ಇತ್ತು. 10ರ ಮೇಲೆ ಕೆಂಪು ಗೆರೆ, ಅದಕ್ಕೆ ಅಂಟಿಕೊಂಡು ನೀಲಿ 5. ಅಂದರೆ 10 ತೆಗೆದು 5 ಹಾಕಿ ಅಂತ. ಆದರೆ ನಮ್ಮ ಪ್ರೆಸ್‌ಗೆ ಇವತ್ತಿಗೂ ಪುಟ ವಿನ್ಯಾಸದ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್ ಫೈಲೇ ಬೇಕು. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ವರ್ಡ್‌ನಲ್ಲಿ ನಾವು ಟೈಪ್ ಮಾಡುವ ಯೂನಿಕೋಡ್ ಕನ್ನಡ ಅದಕ್ಕೆ ಅರ್ಥವಾಗುವುದಿಲ್ಲ. ಹಾಗಾಗಿ ವರ್ಡ್‌ನಿಂದ ಕಾಪಿ ಮಾಡಿ, ಕನ್ವರ್ಟರ್‌ಗೆ ಸುರಿದು, ನುಡಿ ಆಸ್ಕಿ ಅನ್ನುವ ಹಳೇ ಅಕ್ಷರ ಸಂಕೇತಕ್ಕೆ ಬದಲಿಸಿಕೊಂಡು ಪೇಜ್‌ಗೆ ತರಬೇಕು. ಕನ್ವರ್ಟರ್‌ಗೆ ಬೇಕಾಗಿರುವುದು ಬರೀ ಅಕ್ಷರ. ಬಣ್ಣ, ಗೆರೆ ಎಲ್ಲ ಉದುರಿಹೋಗುತ್ತವೆ. ತೆಗೆದದ್ದೂ ಸೇರಿಸಿದ್ದೂ ಅಕ್ಕಪಕ್ಕ ನಿಂತುಬಿಡುತ್ತವೆ. ಮಾಮೂಲಿಯಾಗಿ ಅದಕ್ಕೆ ಮೊದಲು, ತೆಗೆದದ್ದೆಲ್ಲ ಅಳಿಸಿದ ಕ್ಲೀನ್ ಕಾಪಿ ಆಗಬೇಕು. ಆದರೆ ಬಾಸ್‌ಗೆ ಕೊನೇ ಗಳಿಗೆಯವರೆಗೂ ತಿದ್ದುಪಡಿ ಕಣ್ಣಿಗೆ ಕಾಣಬೇಕು. ಫೋಲ್ಡರ್‌ನಲ್ಲಿದ್ದ ಫೈಲ್‌ಗಳೆಲ್ಲ 'ಫೈನಲ್'.

ತಿದ್ದಿದ್ದನ್ನೆಲ್ಲ ವರ್ಡ್ ತಾನೇ ಗುರುತು ಹಾಕಿಕೊಳ್ಳುವ ಟ್ರ್ಯಾಕ್ ಚೇಂಜಸ್ ಯಾಕೆ ಇಲ್ಲ ಅಂತ ನೀವು ಕೇಳಬಹುದು. ನನ್ನನ್ನು ಕೇಳಿದರೆ ಹತ್ತರಲ್ಲಿ ಎಂಟು ಕೆಲಸಕ್ಕೆ ಅದೇ ಸಾಕು. ಆದರೆ ಹಿಂದೊಮ್ಮೆ ಯಾರೋ ಎಲ್ಲ ತಿದ್ದುಪಡಿಯನ್ನೂ ಒಟ್ಟಿಗೆ ಒಪ್ಪಿಬಿಡುವ 'ಅಕ್ಸೆಪ್ಟ್ ಆಲ್' ಒತ್ತಿ ಗಲಾಟೆಯಾಗಿ, ನಮ್ಮಲ್ಲಿ ಅದಕ್ಕೆ ನಿಷೇಧ ಬಿತ್ತು. ಅದರ ಬದಲಿಗೆ ನಾನು ಮೂರು ಕ್ಯಾರೆಕ್ಟರ್ ಸ್ಟೈಲ್, ಅಂದರೆ ಆರಿಸಿದ ಪದಕ್ಕೆ ಬಣ್ಣ, ಗೆರೆ ಎಲ್ಲ ಒಟ್ಟಿಗೆ ಹಾಕುವ ಹೆಸರಿಟ್ಟ ಅಚ್ಚು, ಮಾಡಿಕೊಟ್ಟಿದ್ದೆ: 'ತೆಗೆದದ್ದು', 'ಸೇರಿಸಿದ್ದು', 'ಕೇಳಬೇಕು'. ಅದಕ್ಕೂ ವರ್ಡ್ ಕಾಟ ಕೊಟ್ಟಿತ್ತು ಬಿಡಿ. ಸ್ಟೈಲ್‌ನಲ್ಲಿ ಬೋಲ್ಡ್ ಕೊಟ್ಟರೆ ಇಂಗ್ಲಿಷ್ ದಪ್ಪ ಆಯಿತು, ಕನ್ನಡ ಹಾಗೇ ಉಳಿಯಿತು. ಕನ್ನಡಕ್ಕೆ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಅಂತ ಬೇರೆಯೇ ಖಾನೆ ಇದೆ, ಅಲ್ಲೂ ಕೊಡಬೇಕು. ಹಳದಿ ಹೈಲೈಟ್ ಅಂತೂ ಸ್ಟೈಲ್‌ಗೆ ಸೇರುವುದೇ ಇಲ್ಲ. ಶೇಡಿಂಗ್ ಹಾಕಿ ಸಮಾಧಾನ ಮಾಡಿಕೊಂಡೆ.

ಸರಿ, ಸ್ಟೈಲ್ ಇದೆಯಲ್ಲ, ಎರಡು ನಿಮಿಷದ ಕೆಲಸ ಅಂದುಕೊಂಡೆ. ಫೈಲ್ ಇನ್ನೊಂದು ಕಾಪಿ ಮಾಡಿ ಕಂಟ್ರೋಲ್ ಎಚ್ ಒತ್ತಿ, ಹುಡುಕಿ ಬದಲಿಸುವ ಖಾನೆ ತೆರೆದೆ. ಫೈಂಡ್‌ನಲ್ಲಿ ಪದ ಏನೂ ಹಾಕದೆ ಫಾರ್ಮ್ಯಾಟ್‌ನಿಂದ 'ತೆಗೆದದ್ದು' ಸ್ಟೈಲ್ ಆರಿಸಿದೆ. ರೀಪ್ಲೇಸ್ ಖಾಲಿ ಬಿಟ್ಟು 'ರೀಪ್ಲೇಸ್ ಆಲ್'. ಗೆರೆ ಹೊಡೆದದ್ದೆಲ್ಲ ಮಾಯ. ಡಬಲ್ ಸ್ಪೇಸ್‌ಗಳನ್ನೂ ಗುಡಿಸಿ, "ಇನ್ನೊಂದ್ಸಲ ಕನ್ವರ್ಟ್ ಮಾಡ್ಕೊಳ್ಳಿ" ಅಂದೆ. ಸ್ವಲ್ಪ ಜಂಬದಲ್ಲೇ ಅಂದಿರಬೇಕು.

"ಸರ್, ವಾರಕ್ಕೊಮ್ಮೆ ಹದಿನೈದು ದಿನಕ್ಕೊಮ್ಮೆ ಗೊಬ್ಬರ ಕೊಡಿ ಅಂತಿದೆ."

ಮೈ ಬೆವರಿತು. ಯಾರೋ ಸ್ಟೈಲ್ ಬಿಟ್ಟು ಕೈಯಿಂದಲೇ ಬಣ್ಣ ಹಾಕಿದ್ದಾರೆ. ಯಾರು ಅಂತ ಯೋಚಿಸುವ ಗೋಜಿಗೂ ನಾನು ಹೋಗಲಿಲ್ಲ, ಲೇಖಕಿಯೇ ಅಂತ ತೀರ್ಮಾನ ಮಾಡಿಬಿಟ್ಟೆ. ರಿಟೈರ್ ಆದ ಟೀಚರ್ ಅವರು, ಎಪ್ಪತ್ತು ದಾಟಿದೆ. ಸ್ಟೈಲ್ಸ್ ಪೇನ್ ಅಂದರೇನು ಅಂತ ಫೋನಿನಲ್ಲಿ ಹೇಳಿಕೊಡುವಾಗಲೇ ನನಗೆ ನಂಬಿಕೆ ಇರಲಿಲ್ಲ. ಅವರು ತಿದ್ದಿದ ಅಧ್ಯಾಯಗಳನ್ನೇ ಹಿಡಿದು ಸಾಲು ಸಾಲು ಓದುತ್ತಾ ಕೂತೆ. ಪಕ್ಕದಲ್ಲಿ ಪ್ರೆಸ್‌ನವರ ಫೋನ್ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಮುಕ್ಕಾಲು ಗಂಟೆ ಹೋಯಿತು. ಅಲ್ಲಿ ಒಂದೂ ತಪ್ಪು ಸಿಗಲಿಲ್ಲ. ಅಜ್ಜಿ ಒಂದು ಅಲ್ಪವಿರಾಮ ತೆಗೆದಿದ್ದರೂ ಅದಕ್ಕೆ ಸ್ಟೈಲ್ ಹಾಕಿದ್ದರು!

ಆಮೇಲೆ ತಲೆ ಓಡಿತು. ಮಾರ್ಕ್ ಇದ್ದ ಮೂಲ ಫೈಲ್ ತೆಗೆದು, 'ತೆಗೆದದ್ದು' ಸ್ಟೈಲ್‌ನ ಬಣ್ಣವನ್ನು ಕೆಂಪಿನಿಂದ ಗಿಳಿಹಸಿರಿಗೆ ಬದಲಿಸಿದೆ. ಸ್ಟೈಲ್ ಹಾಕಿದ್ದೆಲ್ಲ ಒಂದೇ ಏಟಿಗೆ ಹಸಿರಾಯಿತು. ಕೆಂಪಾಗೇ ಉಳಿದದ್ದು ಕೈಬಣ್ಣದ್ದು. ಎಲ್ಲ ಮಣ್ಣು-ಗೊಬ್ಬರದ ಅಧ್ಯಾಯದಲ್ಲಿದ್ದವು. ಆ ಅಧ್ಯಾಯ ತಿದ್ದಿದ್ದು ನಮ್ಮ ಬಾಸ್. ಸ್ಟೈಲ್ ಬಿಟ್ಟು ಬೇರೆ ಏನೂ ಬಳಸಬಾರದು ಅಂತ ಎಲ್ಲರಿಗೂ ಮೇಲ್ ಹಾಕಿದವರೂ ಅವರೇ.

ಅದರಲ್ಲೂ ಕೆಲವಕ್ಕೆ ಗೆರೆ, ಕೆಲವಕ್ಕೆ ಬರೀ ಕೆಂಪು. ಬರೀ ಕೆಂಪು ಅಂದರೆ ತೆಗೆಯಬೇಕಾ, ಸೇರಿಸಬೇಕಾ? ಫೋನ್ ಮಾಡಿದರೆ ಅವರು ಯಾವುದೋ ರಿಸೆಪ್ಷನ್‌ನಲ್ಲಿ ಊಟದ ಪಂಕ್ತಿಗೆ ಕೂತಿದ್ದರು. ವಾಲಗದ ನಡುವೆ ನಾನು ಒಂದೊಂದೇ ಸಾಲು ಕೂಗಿ ಓದಿದೆ. "ಅದು ಇರ್ಲಿ", "ಅದು ಬೇಡ", "ಅದು ನಾನು ಹಾಕಿದ್ದಲ್ಲಪ್ಪ". ಕೊನೆಯದನ್ನು ಹಾಕಿದ್ದೂ ಅವರೇ, ಬೇರೆ ಯಾರೂ ಆ ಅಧ್ಯಾಯ ಮುಟ್ಟಿರಲಿಲ್ಲ.

ಫೈಲ್ ಹೋದಾಗ ರಾತ್ರಿ ಹತ್ತೂವರೆ. ಡಿಟಿಪಿ ಮೇಡಂ ಅಷ್ಟು ಹೊತ್ತೂ ಕೂತಿದ್ದರು. ಅವರಿಗೆ ಓಟಿಯೂ ಇಲ್ಲ, ಕ್ಯಾಬ್ ಕೂಡ ಇಲ್ಲ. ಅವರು ಸುಮ್ನೆ ಪೇಜ್ ಸುರಿದು ಕೊಟ್ಟಿದ್ದರೆ 105 ಅಚ್ಚಾಗಿ ಬರುತ್ತಿತ್ತು, ಯಾವ ಸ್ಟೈಲೂ ತಡೆಯುತ್ತಿರಲಿಲ್ಲ.

ಈಗ ಯಾವ ಫೈಲ್ ಬಂದರೂ ಮೊದಲು ಮೂರೂ ಸ್ಟೈಲ್‌ಗಳ ಬಣ್ಣ ಬದಲಿಸಿ ನೋಡುತ್ತೇನೆ. ಬಾಸ್ ಫೈಲ್ ಆದರೆ ಎರಡು ಸಲ. ತೆಗೆದ ಅಂಕಿಗೂ ಹೊಸ ಅಂಕಿಗೂ ನಡುವೆ ಸ್ಪೇಸ್ ಬಿಡಿ ಅಂತ ಎಲ್ಲರಿಗೂ ಹೇಳಿದ್ದೇನೆ. ಪೇಜ್‌ಮೇಕರ್ ಬಿಡೋಣ ಅಂತ ಮೀಟಿಂಗ್‌ನಲ್ಲಿ ಕೇಳಿದ್ದಕ್ಕೆ, "ಮುಂದಿನ ವರ್ಷ ನೋಡೋಣ" ಅಂದರು.