ರುಚಿ ಬಂತು ಕಣೇ

"ಬಂತು."

ಭಾನುವಾರ ಅಮ್ಮ ಹೇಳಿದ ಮಾತು ಇದು. ವಾರ ಮುಗಿಯುತ್ತಾ ಬಂದರೂ ನನ್ನ ಕಿವಿ ಬಿಟ್ಟು ಹೋಗಿಲ್ಲ. ಬಸ್ಸಿನಲ್ಲಿ ಕೂತರೂ ಅದೇ, ಒಗ್ಗರಣೆ ಹಾಕುವಾಗಲೂ ಅದೇ.

ತಮ್ಮನ ಸಂಸಾರ ಡಲ್ಲಾಸ್‌ನಿಂದ ರಜಕ್ಕೆ ಬಂದಿದೆ. ಮಗನ ಸೂಟ್‌ಕೇಸಿನಲ್ಲಿ ಅರ್ಧ ಬರೀ ತಿಂಡಿ. ಅದರಲ್ಲಿ ಸವರ್ ಸ್ಕಿಟಲ್ಸ್, ಅಂದರೆ ಹುಳಿ ಮಿಠಾಯಿಯ ಪೊಟ್ಟಣಗಳೂ ಇದ್ದವು. ಮಾಮೂಲಿ ಸ್ಕಿಟಲ್ಸ್ ನಮ್ಮೂರಲ್ಲೂ ಸಿಗುತ್ತದೆ ಬಿಡಿ. ಮೇಲೊಂದು ತೆಳ್ಳನೆಯ ಗಟ್ಟಿ ಪದರ, ಒಳಗೆ ಹಲ್ಲಿಗೆ ಅಂಟುವ ಹಣ್ಣಿನ ರುಚಿಯ ಮಿಠಾಯಿ. ಈ ಹುಳಿಯದರ ಮೈಗೆ ಮಾತ್ರ ಬಿಳಿ ಪುಡಿ ಮೆತ್ತಿರುತ್ತದೆ. ಸಕ್ಕರೆ ಮತ್ತು ಸಿಟ್ರಿಕ್ ಆಸಿಡ್, ಅಂದರೆ ನಮ್ಮ ನಿಂಬೆಉಪ್ಪು. ನಾಲಿಗೆಗೆ ಮೊದಲು ತಾಕುವುದು ಆ ಪುಡಿಯೇ. ಅದು ಕರಗಿದ ಮೇಲೆ ಸಿಹಿ. ನಾನೂ ಒಂದು ಬಾಯಿಗೆ ಹಾಕಿಕೊಂಡೆ. ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು. ಕಿವಿಯ ಕೆಳಗೆ ಜುಮ್ ಎಂದಿತು.

ಹುಡುಗ ಒಂದನ್ನು ಅಜ್ಜಿಯ ಕೈಗೂ ಕೊಟ್ಟ. ಪ್ರೀತಿಗಲ್ಲ, ಮುಖ ಹೇಗೆ ಕಿವುಚುತ್ತಾರೆ ನೋಡೋಣ ಎಂದು. ಇನ್ನೊಂದು ಕೈಯಲ್ಲಿ ಫೋನ್ ರೆಡಿ ಇತ್ತು. ಹಿರಿಯರ ಮುಖವನ್ನು ಹೀಗೆ ತಮಾಷೆಗೆ ಹಿಡಿಯುವುದು ನನಗೆ ಒಂಚೂರೂ ಇಷ್ಟವಿಲ್ಲ. ಆದರೂ ಅವತ್ತು ಆ ಹುಡುಗನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು.

ಅಮ್ಮನ ಮುಖವೆಲ್ಲ ಮುದುಡಿತು. ಗಲ್ಲ ನಡುಗಿತು. ಕೈ ಕಿವಿಯ ಕೆಳಗೆ ಹೋಯಿತು. ಅತ್ತಿಗೆ ಅಡುಗೆಮನೆಯಿಂದ ಓಡಿ ಬಂದು ಅಂಗೈ ಒಡ್ಡಿದರು. "ಉಗುಳಿ ಅತ್ತೆ, ಉಗುಳಿ. ಹಲ್ಲಿನ ಸೆಟ್ಟಿಗೆ ಅಂಟ್ಕೊಳ್ಳುತ್ತೆ." ಅಮ್ಮ ಆ ಕೈಯನ್ನು ಪಕ್ಕಕ್ಕೆ ಸರಿಸಿದರು. ಬಾಯಲ್ಲಿ ಅದನ್ನು ಅತ್ತಿತ್ತ ಹೊರಳಿಸಿದರು. ಆಮೇಲೆ ಹೇಳಿದರು. "ಬಂತು."

"ಏನಮ್ಮ ಬಂತು?"

"ರುಚಿ ಕಣೇ. ರುಚಿ ಬಂತು."

ಮನೆಯಲ್ಲಿ ವಯಸ್ಸಾದವರು ಇರುವವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತಾಗುತ್ತದೆ. ಕಾಯಿಲೆಯಿಂದ ಎದ್ದ ಮೇಲೆ ಅಮ್ಮ ತಟ್ಟೆ ಮುಂದೆ ಕೂತು ಎರಡು ತುತ್ತು ತಿಂದು ಸರಿಸಿಬಿಡುತ್ತಿದ್ದರು. "ಮಣ್ಣು ತಿಂದ ಹಾಗಿದೆ" ಎನ್ನುತ್ತಿದ್ದರು. ಅಣ್ಣನ ಲೆಕ್ಕದಲ್ಲಿ ಅದು ಹಠ. ಅಣ್ಣನಿಗೆ ಎಲ್ಲದಕ್ಕೂ ಒಂದು ಹೆಸರು ಇಟ್ಟುಬಿಟ್ಟರೆ ಸಮಾಧಾನ.

ಹಠ ಅಲ್ಲ ಅದು. ಬಾಯಿ ಒಣಗಿದ್ದು. ಬಿಪಿ ಮಾತ್ರೆಗಳೂ ಸೇರಿ ಎಷ್ಟೋ ಔಷಧಿಗಳಿಂದ ಬಾಯಿ ಒಣಗುತ್ತದೆ. ತಿಂದಿದ್ದು ಎಂಜಲಲ್ಲಿ ಕರಗಿದರೆ ತಾನೇ ನಾಲಿಗೆಗೆ ರುಚಿ ಸಿಗುವುದು? ಎಂಜಲೇ ಇಲ್ಲದಿದ್ದರೆ ಹೋಳಿಗೆಯೂ ಮಣ್ಣೇ. ಹುಳಿ ತಾಕಿದರೆ ಬಾಯಲ್ಲಿ ನೀರೂರುತ್ತದೆ. ಆ ಹುಳಿಯನ್ನು ತಿಳಿಯಾಗಿಸಲು ದೇಹ ಮಾಡುವ ಕೆಲಸ ಅದು. ಕಿವಿಯ ಕೆಳಗೆ ಜುಮ್ ಎನ್ನುತ್ತದಲ್ಲ, ಅಲ್ಲೇ ಇದೆ ಎಂಜಲಿನ ದೊಡ್ಡ ಗ್ರಂಥಿ. ನಾಲಿಗೆಗೆ ಹುಳಿಯ ಸುದ್ದಿ ಮುಟ್ಟಿಸುವ ಪ್ರೋಟೀನಿನ ಹೆಸರು ಓಟಾಪ್1. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಲೀಮನ್ ಅವರ ತಂಡ ಇದನ್ನು ಕಂಡುಹಿಡಿದು, ಇಲಿಗಳಲ್ಲಿ ಖಚಿತ ಮಾಡಿದ್ದು 2018-19ರ ಹೊತ್ತಿಗೆ. ಮನುಷ್ಯ ಹುಳಿ ತಿನ್ನುತ್ತಾ ಬಂದದ್ದು ಯಾವಾಗಿನಿಂದ, ಅದರ ಬಾಗಿಲು ಸಿಕ್ಕಿದ್ದು ಮೊನ್ನೆ ಮೊನ್ನೆ!

ಡಾಕ್ಟರ್ ಹೇಳಿದ್ದು ಉಪ್ಪು ಕಡಿಮೆ ಮಾಡಿ ಅಂತ, ಅಷ್ಟೇ. ಆದರೆ ಮನೆಯಲ್ಲಿ ಉಪ್ಪಿನ ಹಿಂದೆ ಖಾರ ಹೋಯಿತು. ಖಾರದ ಹಿಂದೆ ಹುಣಸೆಹಣ್ಣು ಹೋಯಿತು. ಉಳಿದದ್ದು ಮೆತ್ತಗಿನ ಅನ್ನ, ಬೇಳೆಯ ಕಟ್ಟು, ಮಜ್ಜಿಗೆ. ಅತ್ತಿಗೆಯನ್ನು ನಾನು ದೂರುವುದಿಲ್ಲ. ಅಮ್ಮನ ಮಾತ್ರೆ ಒಂದು ಹೊತ್ತೂ ತಪ್ಪದಂತೆ ನೋಡಿಕೊಂಡವರು ಅವರು. ಆದರೆ ಅವರ ಕಾಳಜಿಯಲ್ಲಿ ಭಯ ಜಾಸ್ತಿ.

ಅಮ್ಮನ ತವರು ಶಿರಾ ಕಡೆ. ತುಮಕೂರು ಜಿಲ್ಲೆಯ ಆ ಸೀಮೆಯಲ್ಲಿ ಹುಣಸೆಮರಕ್ಕೆ ಬರವಿಲ್ಲ. ಬೇಸಿಗೆ ಬಂದರೆ ಜಗಲಿ ತುಂಬಾ ಹಣ್ಣು ಬಡಿದು ಬೀಜ ತೆಗೆಯುವ ಕೆಲಸ. ಆಗ ಹುಡುಗಿಯರೆಲ್ಲ ಸೇರಿ ಚಿಗಳಿ ಕುಟ್ಟುತ್ತಿದ್ದರಂತೆ. ಹುಣಸೆಹಣ್ಣು, ಬೆಲ್ಲ, ಉಪ್ಪು, ಜೀರಿಗೆ, ಮೆಣಸಿನಕಾಯಿ. ಉಂಡೆ ಮಾಡಿ ಕಡ್ಡಿಗೆ ಚುಚ್ಚಿ ಚೀಪುವುದು. ಹಣ್ಣಿನದೇ, ಅಂಟಂಟಿನದೇ, ಹುಳಿಯದೇ. ಡಲ್ಲಾಸಿನ ಹುಡುಗನ ಪೊಟ್ಟಣ ಅಮ್ಮನಿಗೆ ಹೊಸದು ಅನ್ನಿಸಲೇ ಇಲ್ಲ. "ಇದಕ್ಕೆ ಒಂಚೂರು ಜೀರಿಗೆ ಬೇಕಿತ್ತು" ಎಂದರು. ಹುಣಸೆಮರ ಮುಪ್ಪಾದರೆ ಹುಳಿ ಮುಪ್ಪೇ ಅಂತ ನಮ್ಮವರು ಸುಮ್ನೆ ಹೇಳಲಿಲ್ಲ.

ಬಸುರಿ ಹೆಂಗಸು ಮಾವಿನಕಾಯಿ ಕೇಳಿದರೆ ಇಡೀ ಮನೆ ಮರ ಹುಡುಕಿಕೊಂಡು ಹೋಗುತ್ತದೆ. ಬಯಕೆ ಅಂತ ಅದಕ್ಕೊಂದು ಹೆಸರು, ಗೌರವ, ಬಯಕೆ ಊಟ. ಎಂಬತ್ತರ ಹತ್ತಿರ ಇರುವವರು ಅದೇ ಮಾವಿನಕಾಯಿ ಕೇಳಿದರೆ "ಈ ವಯಸ್ಸಲ್ಲಿ ಇದೆಲ್ಲ ಬೇಕಾ?" ಎನ್ನುತ್ತೇವೆ. ನಾವು ಫೋನ್ ಎತ್ತಿದ ಕೂಡಲೇ ಕೇಳುವುದು "ಊಟ ಆಯ್ತಾ?" ಅಂತ. ಹೊಟ್ಟೆಗೆ ಬಿತ್ತಾ ಎಂಬುದಷ್ಟೇ ಬೇಕು. ರುಚಿಯಾಗಿತ್ತಾ ಅಂತ ಯಾರು ಕೇಳುತ್ತಾರೆ? ತೂಕ ನೋಡುತ್ತೇವೆ, ಬಿಪಿ ಬರೆದಿಡುತ್ತೇವೆ. ಬಾಯಿ ಹೇಗಿದೆ ಅಂತ ಕೇಳುವುದಿಲ್ಲ. ವಯಸ್ಸಾದ ಮೇಲೆ ಓಡಾಟ ಕಡಿಮೆಯಾಗುತ್ತದೆ, ಗೆಳತಿಯರು ಒಬ್ಬೊಬ್ಬರೇ ಹೋಗುತ್ತಾರೆ, ಕಣ್ಣು ಮಂಜಾಗಿ ಓದು ನಿಲ್ಲುತ್ತದೆ. ದಿನಕ್ಕೆ ಮೂರು ಹೊತ್ತು ತಪ್ಪದೆ ಬರುವ ಸಂತೋಷ ಅಂದರೆ ಊಟ. ಅದನ್ನೂ ಸಪ್ಪೆ ಮಾಡಿ ಕೈಗೆ ಕೊಟ್ಟರೆ ಅವರು ಯಾವುದಕ್ಕೆ ಕಾಯಬೇಕು?

ಅವತ್ತು ರಾತ್ರಿ ಅಮ್ಮ ನಿಂಬೆಹಣ್ಣಿನ ಸಾರು ಕೇಳಿ ಮಾಡಿಸಿಕೊಂಡರು. ಎರಡನೇ ಸಲ ಅನ್ನ ಹಾಕಿಸಿಕೊಂಡರು. ಅಣ್ಣ ತಟ್ಟೆಯನ್ನೇ ನೋಡುತ್ತಾ ಕೂತಿದ್ದ, ಏನೂ ಹೇಳಲಿಲ್ಲ.

ಮಿಠಾಯಿ ಮಾತ್ರ ದಿನಾ ಬೇಡ. ಅತ್ತಿಗೆ ಹೇಳುವುದರಲ್ಲಿ ಸತ್ಯ ಇದೆ. ಅಮ್ಮನ ಬಾಯಲ್ಲಿ ಇನ್ನೂ ಕೆಲವು ಸ್ವಂತ ಹಲ್ಲುಗಳಿವೆ. ಸಕ್ಕರೆ ಮತ್ತು ಆಸಿಡ್ ಎರಡೂ ಸೇರಿದರೆ ಅವಕ್ಕೆ ಒಳ್ಳೆಯದಲ್ಲ. ಹುಳಿ ತಿಂದ ತಕ್ಷಣ ಹಲ್ಲುಜ್ಜಲೂಬಾರದು, ನೀರು ಮುಕ್ಕಳಿಸಿ ಅರ್ಧ ಗಂಟೆ ಬಿಡಬೇಕು. ಹಾಗಾಗಿ ಉಳಿದ ಪೊಟ್ಟಣಗಳು ಬೀರುವಿನ ಮೇಲೆ ಹೋದವು. ಬಾಯಿ ಒಣಗುವ ವಿಷಯ ಡಾಕ್ಟರ್ ಹತ್ತಿರ ಕೇಳುವುದು ಅಂತಾಯಿತು. ಊಟದ ಜೊತೆ ಒಂದು ನಿಂಬೆ ಹೋಳು ಇಡಲು ಅತ್ತಿಗೆ ಒಪ್ಪಿದ್ದಾರೆ. ಹುಣಸೆಹಣ್ಣಿಗೆ ಇನ್ನೂ ಒಪ್ಪಿಲ್ಲ. ಈ ಭಾನುವಾರ ಮತ್ತೆ ಹೋಗಿ ಅದರ ಬಗ್ಗೆ ಮಾತಾಡಬೇಕು.