ಕಿರೀಟ ಅಳಿಸಿಹೋದ ದಿನ

ಮಂಗಳೂರಿನ ಕೋವಿ ಅಂಗಡಿಯಲ್ಲಿ ರಿಪೇರಿ ಕೆಲಸಕ್ಕೆ ಸೇರಿ ನನಗದು ಎರಡನೇ ಮಳೆಗಾಲ. ಕುಂದಾಪುರ ಕಡೆಯವರೊಬ್ಬರು ಅಜ್ಜನ ಕಾಲದ ರಿವಾಲ್ವರ್ ತಂದರು. ಇಂಗ್ಲೆಂಡಿನ ವೆಬ್ಲಿ ಆಂಡ್ ಸ್ಕಾಟ್ ಕಂಪನಿಯದ್ದು, .32 ಬೋರ್. ಲೈಸನ್ಸ್ ನೋಡಿ, ನಂಬರ್ ತಾಳೆ ಹಾಕಿ, ರಿಜಿಸ್ಟರಿಗೆ ಬರೆದುಕೊಂಡೆವು. "ಸ್ವಲ್ಪ ತುಕ್ಕು ತೆಗೆದು ಕೊಡಿ ಮಾರಾಯ್ರೆ" ಅಂತ ಹೇಳಿ ಹೋದರು.

ತುಕ್ಕು ಜಾಸ್ತಿ ಇರಲಿಲ್ಲ. ಬ್ಯಾರಲ್ಲಿನ ಒಂದು ಬದಿಗೆ ನಾಲ್ಕೈದು ಕೆಂಪು ಚುಕ್ಕೆ, ಅಷ್ಟೆ. ಉಳಿದ ಕಡೆಯೆಲ್ಲ ಮಾಸಿದ ನೀಲಿ. ಹೊಸದರ ಹಾಗೆ ಮಾಡಿ ಕೊಟ್ಟರೆ ಅವರಿಗೆ ಖುಷಿಯಾದೀತು ಅಂದುಕೊಂಡೆ. ಮಧ್ಯಾಹ್ನವಿಡೀ ಪಾಲಿಶ್ ಪೇಪರ್ ಹಿಡಿದು ಉಜ್ಜಿದೆ. ಸಂಜೆಗೆ ಸ್ಟೀಲ್ ಲೋಟದ ಹಾಗೆ ಹೊಳೆಯುತ್ತಿತ್ತು.

ನಮ್ಮ ಮೇಸ್ತ್ರಿ ಭೂತಗನ್ನಡಿ ಹಿಡಿದು ಸಿಲಿಂಡರನ್ನು ನಿಧಾನಕ್ಕೆ ತಿರುಗಿಸಿದರು. ಗುಂಡು ತುಂಬುವ ಆರೂ ಕೋಣೆ ನೋಡಿದರು. "ಇಲ್ಲೊಂದು ಕಿರೀಟ ಇತ್ತಲ್ಲ, ಎಲ್ಲಿ ಹೋಯ್ತು?" ಅಂದರು.

ವೆಬ್ಲಿ ತಯಾರಾಗುತ್ತಿದ್ದ ಬರ್ಮಿಂಗ್‌ಹ್ಯಾಮಿನಲ್ಲಿ 1813ರಿಂದ ಪ್ರೂಫ್ ಹೌಸ್, ಅಂದರೆ ಕೋವಿ ಪರೀಕ್ಷಿಸುವ ಸಂಸ್ಥೆ, ಇದೆ. ಕೋವಿಯಲ್ಲಿ ಜಾಸ್ತಿ ಮದ್ದಿನ ಗುಂಡು ಹಾರಿಸಿ ಪರೀಕ್ಷೆ ಮಾಡುತ್ತಾರೆ. ಪಾಸಾದರೆ ಪುಟ್ಟ ಕಿರೀಟ, ಅದರಡಿ ಎರಡಕ್ಷರದ ಅಚ್ಚು. ಅಕ್ಕಿಕಾಳಿಗಿಂತ ಚಿಕ್ಕದು. ಹಳೆಯ ರಿವಾಲ್ವರ್ ಕೈಗೆ ಬಂದರೆ ತಿಳಿದವರು ಮೊದಲು ಹುಡುಕುವುದೇ ಅದನ್ನು. ಅದರ ಜೊತೆ ಬ್ಲೂಯಿಂಗ್ ಕೂಡ ಹೋಗಿತ್ತು. ಅದು ಬಣ್ಣ ಬಳಿದದ್ದಲ್ಲ, ಉಕ್ಕಿನ ಮೈಯನ್ನೇ ಕಪ್ಪು-ನೀಲಿಯಾಗಿಸಿದ ತೆಳು ಪದರ. ಮತ್ತೆ ಮಾಡಬಹುದು. ಆದರೆ ಅದು ಆ ಕಾರ್ಖಾನೆಯವರ ಕೈಯದಾಗುವುದಿಲ್ಲ.

ರಿವಾಲ್ವರಿನ ಮಾಲೀಕರು ಬಂದಾಗ ನಾನೇ ಹೇಳಿದೆ. ಬೈಯಲಿಲ್ಲ. ಹಿಡಿಯ ಮೇಲೆ ಹೆಬ್ಬೆರಳು ಆಡಿಸುತ್ತಾ, "ಅಜ್ಜನದ್ದು ಅಂತ ಅನಿಸುವುದೇ ಇಲ್ಲ ಈಗ" ಅಂದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಎಂಬತ್ತರ ದಶಕದ ನಂತರ ಖಾಸಗಿಯವರಿಗೆ ವಿದೇಶಿ ರಿವಾಲ್ವರ್ ಬರುವುದು ಹೆಚ್ಚುಕಡಿಮೆ ನಿಂತೇ ಹೋಯಿತು. ಕಾನ್ಪುರದ ಸರಕಾರಿ ಕಾರ್ಖಾನೆಯ .32 ಸಿಗುತ್ತದೆ. ಅದೂ ವೆಬ್ಲಿಯ ಮಾದರಿಯಲ್ಲೇ ಮಾಡಿದ್ದು, ಆದರೆ ಹಳೆಯದರ ಆಸೆಯೇ ಬೇರೆ ಅಲ್ವಾ? ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಮೇಲೆ ಒಬ್ಬರ ಲೈಸನ್ಸಿಗೆ ಎರಡೇ ಕೋವಿ, ಮೊದಲು ಮೂರಿತ್ತು. ಹಾಗಾಗಿ ನಮ್ಮಲ್ಲಿ ಸಂಗ್ರಹ ಅಂದರೆ ರಾಶಿ ಹಾಕುವುದಲ್ಲ. ಇರುವ ಒಂದನ್ನೇ ಪೂರ್ತಿ ಓದಿಕೊಳ್ಳುವುದು.

ಓದಲು ಏನಿದೆ ಅಂತ ಆಮೇಲೆ ಮೇಸ್ತ್ರಿ ಕಲಿಸಿದರು. ವೆಬ್ಲಿ ಕಂಪನಿ ಎರಡನೇ ಮಹಾಯುದ್ಧದ ಹೊತ್ತಿನ .38 ರಿವಾಲ್ವರುಗಳ ಮೇಲೆ 'ವಾರ್ ಫಿನಿಶ್' ಎಂದು ಅಚ್ಚು ಹಾಕಿತ್ತು. ಯುದ್ಧದ ಗಡಿಬಿಡಿಯಲ್ಲಿ ನುಣುಪು ಮಾಡಲು ಪುರುಸೊತ್ತಿಲ್ಲ, ಹತ್ಯಾರದ ಗೆರೆಗಳು ಹಾಗೇ ಉಳಿದಿವೆ. ಅಂಥದ್ದು ಆವತ್ತು ನನ್ನ ಕೈಗೆ ಸಿಕ್ಕಿದ್ದರೆ ಆ ಗೆರೆಗಳನ್ನೂ ಉಜ್ಜಿಬಿಡುತ್ತಿದ್ದೆ.

ಈಗ ಮೊದಲು ಪ್ರತಿ ಅಚ್ಚಿನ ಫೋಟೋ ತೆಗೆಯುತ್ತೇನೆ. ಎಷ್ಟು ಮುಟ್ಟಬೇಕು ಅಂತ ಕೋವಿ ತಂದವರನ್ನು ಕೇಳುತ್ತೇನೆ. ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು, ಹಳೆಯ ಪಂಚೆಯ ತುಂಡಿನಲ್ಲಿ ಒರೆಸುತ್ತೇನೆ. ಚರ್ಮದ ಚೀಲದಿಂದ ಹೊರಗಿಡಿ ಅಂತ ಒತ್ತಿ ಹೇಳುತ್ತೇನೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಚರ್ಮ ನೀರು ಹಿಡಿದಿಟ್ಟು ಕಬ್ಬಿಣಕ್ಕೆ ದಾಟಿಸುತ್ತದೆ.

ಕುಂದಾಪುರದ ಆ ರಿವಾಲ್ವರ್ ಪ್ರತಿ ವರ್ಷ ಮೇ ಕೊನೆಗೆ ನಮ್ಮಲ್ಲಿಗೇ ಬರುತ್ತದೆ. ನೀಲಿ ಹೋದ ಉಕ್ಕು ಬೇಗ ಕೆಂಪಾಗುತ್ತದೆ, ಅದಕ್ಕೆ. ಅದನ್ನು ನಾನು ಬೇರೆ ಯಾರ ಕೈಗೂ ಕೊಡುವುದಿಲ್ಲ.