ಯಾವಾಗಲೋ ಬಂದು ಹೋಗಿದೆ

ಸೂಜಿ ಕಂಡರೆ ಕಣ್ಣು ಮುಚ್ಚಿಕೊಳ್ಳುವ ಮಗಳು ನರ್ಸಿಂಗ್ ಸೇರುತ್ತಿದ್ದಾಳೆ. ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ ಸೋಂಕಿನ ಲಸಿಕೆಯ ಕಾರ್ಡು ಬೇಕೆಂದರು ಕಾಲೇಜಿನ ಗುಮಾಸ್ತರು. 2018ರಲ್ಲಿ ಗುಡ್ಡ ಜರಿದಾಗ ಬೀರುವಿನೊಂದಿಗೆ ಹೋಯಿತು ಎಂದೆ. "ನಕಲು ಪ್ರತಿಯಾದರೂ ತನ್ನಿ" ಎಂದರು. ಕೊಡಗಿನಲ್ಲಿ ಕುಳಿತು ಹೀಗೆ ಕೇಳುವುದಕ್ಕೂ ಒಂದು ಧೈರ್ಯ ಬೇಕು.

ಸರಿ, ರಕ್ತವನ್ನೇ ಕೇಳೋಣ ಎಂದು ಮಡಿಕೇರಿಯ ಲ್ಯಾಬಿಗೆ ಹೋದೆವು. ಅವಳ ಹೆದರಿಕೆ ಹೋಗಲೆಂದು ಮೊದಲು ನಾನೇ ತೋಳು ಚಾಚಿದೆ. ರೋಗ ತಡೆಯುವ ಪ್ರತಿಕಾಯದ ಮಟ್ಟ ಅವಳದು 34 ಬಂತು. 10 ದಾಟಿದ್ದರೆ ರಕ್ಷಣೆ ಇದೆ ಎಂದರ್ಥವಂತೆ. ಲಸಿಕೆಯನ್ನೇ ಕಾಣದ ನನ್ನ ರಕ್ತದಲ್ಲೂ ಪ್ರತಿಕಾಯ! ಲ್ಯಾಬಿನ ಹುಡುಗ ಇನ್ನೆರಡು ಪರೀಕ್ಷೆ ಮಾಡಿ, ವರದಿಯನ್ನು ಎರಡು ಸಲ ಓದಿ ಹೇಳಿದ: "ಅಕ್ಕಾ, ನಿಮಗೆ ಯಾವಾಗಲೋ ಬಂದು ಹೋಗಿದೆ."

ಬಂದು ಹೋಗಲು ಅದೇನು ನೆಂಟರೇ?

ಡಾಕ್ಟರು ಬಿಡಿಸಿ ಹೇಳಿದರು. ಲಸಿಕೆಯಲ್ಲಿರುವುದು ವೈರಸ್ಸಿನ ಹೊರಮೈಯ ಪ್ರೋಟೀನು ಮಾತ್ರ. ಮಗಳಲ್ಲಿರುವುದು ಅದರ ಪ್ರತಿಕಾಯ. ನನ್ನಲ್ಲಿ ವೈರಸ್ಸಿನ ಒಳತಿರುಳಿಗೆ ಎದುರಾದ ಪ್ರತಿಕಾಯವೂ ಇದೆ. ಎಂದರೆ ಇಡೀ ವೈರಸ್ಸೇ ಒಳಗೆ ಬಂದಿತ್ತು. ಈಗ ಅದರ ಸುಳಿವಿಲ್ಲ, ಗಾಬರಿ ಬೇಡ ಎಂದರು.

ಬಂದದ್ದು ಯಾವಾಗ? ಅದನ್ನು ಈ ಪರೀಕ್ಷೆ ಹೇಳುವುದಿಲ್ಲ.

ಮನೆಗೆ ಬಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನದ ಸಡಗರ. ಅಮ್ಮ ಆ ದಿನ ತಿನ್ನುವ ಔಷಧಿ ಗಿಡ ಮದ್ದುಸೊಪ್ಪಿನ ನೇರಳೆ ರಸದಲ್ಲಿ ಪಾಯಸ ಕುದಿಸುತ್ತಿದ್ದಳು. ವಿಷಯ ಕೇಳಿ ಸೌಟು ಬಿಡದೆ ಹೇಳಿದಳು: "ಆರನೇ ಕ್ಲಾಸಿನಲ್ಲಿ ನಿನಗೆ ಕಾಮಾಲೆ ಆಗಿತ್ತಲ್ಲ, ನೆಲನೆಲ್ಲಿ ಅರೆದು ಕುಡಿಸಿ ನಾನೇ ವಾಸಿ ಮಾಡಿದ್ದು." ಕಾಮಾಲೆಗೆ ಕಾರಣ ಹಲವು, ಅದು ಇದೇ ಎನ್ನಲಾಗದು ಎಂದೆ. ಕೇಳುವ ಜೀವವಲ್ಲ. "ನಮ್ಮ ಮದ್ದುಸೊಪ್ಪು ನೋಡು, ತಿಂದದ್ದಕ್ಕೆ ಬೆಳಿಗ್ಗೆಯೇ ಸಾಕ್ಷಿ" ಎಂದಳು. ನಿಜವೇ, ಮರುದಿನ ಮನೆಮಂದಿಯ ಮೂತ್ರವೆಲ್ಲ ಕೆಂಪು.

ರಾತ್ರಿ ನಿದ್ದೆ ಬರಲಿಲ್ಲ. ಯಾವಾಗಲೋ ಎಂದರೆ ಯಾವಾಗ? ಇದು ರಕ್ತದಿಂದ ರಕ್ತಕ್ಕೆ ದಾಟುವ ರೋಗ. ಹಳೆಯ ಚಿಕಿತ್ಸಾಲಯವೊಂದರ ಸ್ಟವ್ ನೆನಪಾಯಿತು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಗಾಜಿನ ಸಿರಿಂಜು, ಹೊರಗೆ ಮಳೆ, ಬೆಂಚಿನ ಮೇಲೆ ಜ್ವರದ ಮಕ್ಕಳ ಸಾಲು. ಕಾಂಪೌಂಡರು ಸೂಜಿಯನ್ನು ನೀರಿನಲ್ಲಿ ಅದ್ದಿ ತೆಗೆದು ಮುಂದಿನವರನ್ನು ಕರೆಯುತ್ತಿದ್ದರು. ನೀರು ಕುದಿಯುತ್ತಿತ್ತೋ ಇಲ್ಲವೋ, ಆ ವಯಸ್ಸಿನಲ್ಲಿ ನಾನು ನೋಡಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದೆ.